ಕೊಡಗಿನ ಅಂಕಪಟ್ಟಿ

ಮೈಸೂರಿನಿಂದ ಹೊರಟ ಬಸ್ಸು ಬೈಲುಕುಪ್ಪೆಯನ್ನು ಹಿಂದಿಕ್ಕಿ, ಕೊಪ್ಪದ ಬಳಿ ಕಾವೇರಿಯ ಸೇತುವೆಯನ್ನು ಏರುತ್ತಿದ್ದಂತೆ, ತೂಕಡಿಸುತ್ತಿದ್ದ ಪ್ರಯಾಣಿಕರೂ ಎಚ್ಚೆತ್ತು ಕಿಟಕಿಯತ್ತ ಮುಖ ತಿರುಗಿಸುತ್ತಾರೆ. ಸೇತುವೆಯ ಈಚೆಗೆ ಮೈಸೂರು ಜಿಲ್ಲೆ. ಆಚೆಗೆ ಕುಶಾಲನಗರ, ಅಲ್ಲಿಂದ ಮುಂದೆ ಕೊಡಗು. ಆನೆಕಾಡಿನ ನೆರಳನ್ನು ದಾಟಿ, ಸುಂಟಿಕೊಪ್ಪವನ್ನು ಕಳೆದು, ದಾರಿ ಮಡಿಕೇರಿಯತ್ತ ಏರತೊಡಗಿದರೆ ಇಕ್ಕೆಲಗಳಲ್ಲಿಯೂ ಕಾಫಿಯ ಗಿಡಗಳು, ಅವುಗಳಿಗೆ ನೆರಳೀಯುವ ಮರಗಳು, ಆ ಮರಗಳನ್ನು ತಬ್ಬಿ ಮೇಲೇರಿದ ಮೆಣಸಿನ ಬಳ್ಳಿಗಳು. ಬೇಸಗೆಯ ಹೂಮಳೆ ಬಿದ್ದು ವಾರವೊಂದು ಕಳೆದಿದ್ದರಂತೂ ಹೇಳತೀರದು. ತೋಟಕ್ಕೆ ತೋಟವೇ ಬೆಳ್ಳಗೆ ಅರಳಿ ನಿಂತಿರುತ್ತದೆ. ಅದರ ಕಂಪು ಬಸ್ಸಿನೊಳಕ್ಕೂ ನುಗ್ಗಿ ಬರುತ್ತದೆ. "ಇಲ್ಲಿ ಹುಟ್ಟಿದವರು ಪುಣ್ಯವಂತರು" ಎಂಬ ಮಾತು ಬೆಂಗಳೂರಿನಿಂದ ಬಂದ ಸಂಸಾರಗಳ ಬಾಯಿಂದ ಹೊರಡದೆ ಇರುವುದು ಅಪರೂಪ.

ಅದೇ ದಾರಿಯಲ್ಲಿ ಎದುರು ದಿಕ್ಕಿನಿಂದ ಗಂಟಲು ಹರಿಯುವಂತೆ ಕೂಗುತ್ತ ಆಂಬುಲೆನ್ಸ್ ಗಾಡಿಯೊಂದು ಬಂದಾಗ ಬಸ್ಸು ಪಕ್ಕಕ್ಕೆ ಸರಿದು ಎಡೆಗೊಡುತ್ತದೆ. ಅದು ಮೈಸೂರಿಗೆ ಹೋಗುತ್ತಿರುವ ಗಾಡಿ. ಪ್ರವಾಸಕ್ಕೆ ಬಂದವರು ಅದನ್ನು ಒಂದು ಕ್ಷಣ ನೋಡಿ ಮರೆಯುತ್ತಾರೆ. ಕೊಡಗಿನವರು ಮರೆಯುವುದಿಲ್ಲ, ಒಳಗೆ ಮಲಗಿರುವವರು ಯಾರ ಮನೆಯವರೋ ಎಂದು ಅವರ ಎದೆ ಒಮ್ಮೆ ಅಳುಕುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರು. ಹೊರಗಿನವರಿಗೆ ಅದು ಕೊಡಗಿಗೆ ಬರುವ ದಾರಿ. ಒಳಗಿನವರಿಗೆ ಅದು ಆಸ್ಪತ್ರೆಗೆ ಹೋಗುವ ದಾರಿ.

ಪುಣ್ಯವಂತರೆಂಬ ಮಾತನ್ನು ಸರ್ಕಾರದ ಲೆಕ್ಕವೂ ಒಪ್ಪಿಕೊಂಡಿದೆ ಎಂಬುದು ಇಲ್ಲಿಯ ಸ್ವಾರಸ್ಯ. ನಾಡಿನ ಜಿಲ್ಲೆಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಿ, ಯಾವ ಜಿಲ್ಲೆಯ ಜನರ ಬಾಳು ಎಷ್ಟು ಹಸನಾಗಿದೆಯೆಂದು ಗುರುತಿಸಿದ ಕರ್ನಾಟಕದ ಮೊದಲ ಮಾನವ ಅಭಿವೃದ್ಧಿ ವರದಿ 1999ರಲ್ಲಿ ಹೊರಬಂದಾಗ, ಅಂದಿನ ಲೆಕ್ಕದ 20 ಜಿಲ್ಲೆಗಳಲ್ಲಿ ಮೊದಲ ಸ್ಥಾನ ದೊರೆತದ್ದು ಬೆಂಗಳೂರಿಗಲ್ಲ, ಕೊಡಗಿಗೆ. ರಾಜಧಾನಿಯಲ್ಲಿ ಕಾರ್ಖಾನೆಗಳಿದ್ದವು, ಕಾಲೇಜುಗಳಿದ್ದವು, ವಿಮಾನ ನಿಲ್ದಾಣವಿತ್ತು. ಒಂದು ರೈಲು ಕಂಬಿಯೂ ಇಲ್ಲದ, ದೊಡ್ಡ ಕಾರ್ಖಾನೆಯೊಂದೂ ಇಲ್ಲದ, ಹತ್ತರಲ್ಲಿ ಎಂಟು ಮಂದಿಗೂ ಹೆಚ್ಚು ಜನ ಹಳ್ಳಿಗಳಲ್ಲಿಯೇ ವಾಸಿಸುವ ಬೆಟ್ಟದ ಸೀಮೆ ಅದನ್ನು ಹಿಂದಕ್ಕೆ ಹಾಕಿತ್ತು. ಮಡಿಕೇರಿಯಲ್ಲಿ ಈ ಸುದ್ದಿಗೆ ಹೆಮ್ಮೆ ಪಡದವರಿರಲಿಲ್ಲ. ಮನೆಯ ಹುಡುಗ ತರಗತಿಗೆ ಮೊದಲಿಗನಾಗಿ ಅಂಕಪಟ್ಟಿಯನ್ನು ತಂದಾಗ ಆಗುವ ಹೆಮ್ಮೆ ಅದು.

ಅಂಕಪಟ್ಟಿಯನ್ನು ನೋಡಿದ ಹಿರಿಯರು ಸುಮ್ಮನಿರುವುದಿಲ್ಲ. ಯಾವ ವಿಷಯದಲ್ಲಿ ಎಷ್ಟು ಅಂಕ, ಯಾವುದನ್ನು ಪರೀಕ್ಷೆಗೆ ಇಟ್ಟಿದ್ದರು ಎಂದು ಕೇಳುತ್ತಾರೆ. ಕೊಡಗಿನ ಅಂಕಪಟ್ಟಿಯನ್ನೂ ಹಾಗೆಯೇ ಓದಬೇಕಾಗಿದೆ.

ಪರೀಕ್ಷೆಯ ಮೂರು ವಿಷಯಗಳು

ದೇಶದ ಏಳಿಗೆಯನ್ನು ಬರಿಯ ಹಣದಿಂದ ಅಳೆಯಬಾರದೆಂಬ ವಿಚಾರಕ್ಕೆ ಲೆಕ್ಕದ ರೂಪ ಬಂದದ್ದು 1990ರಲ್ಲಿ. ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಅವರ ನೇತೃತ್ವದಲ್ಲಿ, ಅಮರ್ತ್ಯ ಸೇನ್ ಅವರ ನೆರವಿನೊಡನೆ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಆ ವರ್ಷ ತನ್ನ ಮೊದಲ ಮಾನವ ಅಭಿವೃದ್ಧಿ ವರದಿಯನ್ನು ಪ್ರಕಟಿಸಿತು. ನಮ್ಮ ದೇಶದಲ್ಲಿ ಇಂತಹ ವರದಿಯನ್ನು ಮೊದಲು ಸಿದ್ಧಪಡಿಸಿದ ರಾಜ್ಯ ಮಧ್ಯಪ್ರದೇಶ, 1995ರಲ್ಲಿ. ಅದರ ಬೆನ್ನಿಗೆ ಕರ್ನಾಟಕ.

ಲೆಕ್ಕದ ಕ್ರಮ ಕಠಿನವಾದುದೇನಲ್ಲ. ಮನುಷ್ಯ ಎಷ್ಟು ಕಾಲ ಬದುಕುತ್ತಾನೆ, ಎಷ್ಟು ಕಲಿತಿದ್ದಾನೆ, ಎಷ್ಟು ಗಳಿಸುತ್ತಾನೆ ಎಂಬ ಮೂರೇ ಪ್ರಶ್ನೆಗಳು. ಅಂದಿನ ಕ್ರಮದಲ್ಲಿ ಆಯುಸ್ಸಿಗೆ ಕೆಳಗಿನ ಗೆರೆ 25 ವರ್ಷ, ಮೇಲಿನ ಗೆರೆ 85 ವರ್ಷ. ಒಂದು ಜಿಲ್ಲೆಯ ಸರಾಸರಿ ಆಯುಸ್ಸು 70 ಎಂದಾದರೆ, ನಡುವಿನ ಅರವತ್ತು ಮೆಟ್ಟಿಲುಗಳಲ್ಲಿ ಅದು ನಲವತ್ತೈದನ್ನು ಏರಿದೆಯೆಂದು ಅರ್ಥ; ಅದರ ಅಂಕ 0.75. ಕಲಿಕೆಯಲ್ಲಿ ಮೂರನೆಯ ಎರಡು ಪಾಲು ಅಕ್ಷರಸ್ಥರ ಪ್ರಮಾಣಕ್ಕೆ, ಉಳಿದ ಒಂದು ಪಾಲು ಶಾಲೆಯಲ್ಲಿರುವ ಮಕ್ಕಳ ಪ್ರಮಾಣಕ್ಕೆ. ಗಳಿಕೆಗೆ ತಲಾ ಆದಾಯ. ಮೂರನ್ನೂ ಕೂಡಿ ಮೂರರಿಂದ ಭಾಗಿಸಿದರೆ ಒಂದು ದಶಾಂಶ ಸಂಖ್ಯೆ ಬರುತ್ತದೆ. ಅದೇ ಜಿಲ್ಲೆಯ ಹಣೆಬರಹ.

ಈ ಮೂರರಲ್ಲಿಯೂ ಕೊಡಗು ಒಳ್ಳೆಯ ಅಂಕ ಪಡೆಯಲು ಕಾರಣಗಳಿವೆ. 1834ರಿಂದ ಸುಮಾರು ಒಂದು ಶತಮಾನಕ್ಕೂ ಮಿಕ್ಕಿ ಅದು ಇಂಗ್ಲಿಷರ ನೇರ ಆಡಳಿತದಲ್ಲಿತ್ತು. 1854ರಲ್ಲಿ ಫೌಲರ್ ಎಂಬ ದೊರೆ ಮಡಿಕೇರಿಯ ಬಳಿ ಕಾಫಿಯ ತೋಟ ಹಾಕಿದ ಮೇಲೆ ಬೆಟ್ಟದ ಮಣ್ಣಿಗೆ ಲಂಡನ್ನಿನ ಮಾರುಕಟ್ಟೆಯ ನಂಟು ಬೆಳೆಯಿತು. ಸೈನ್ಯದ ಕೆಲಸ, ಸರ್ಕಾರಿ ಕೆಲಸ, ತೋಟದ ಲೆಕ್ಕಪತ್ರ — ಎಲ್ಲಕ್ಕೂ ಓದು ಬೇಕಾಗಿತ್ತು. ಹುಡುಗರೊಡನೆ ಹುಡುಗಿಯರನ್ನೂ ಶಾಲೆಗೆ ಕಳುಹಿಸುವ ಅಭ್ಯಾಸ ಇಲ್ಲಿ ಬೇಗ ಬೇರೂರಿತು. ಭಾರತದ ಸೇನೆಗೆ 1949ರ ಜನವರಿ 15ರಂದು ಮೊದಲ ಭಾರತೀಯ ದಂಡನಾಯಕರಾದ ಕಾರಿಯಪ್ಪ, 1957ರಿಂದ 1961ರವರೆಗೆ ಆ ಸೇನೆಯನ್ನು ನಡೆಸಿದ ತಿಮ್ಮಯ್ಯ — ಇಷ್ಟು ಚಿಕ್ಕ ಸೀಮೆಯಿಂದ ಹತ್ತು ವರ್ಷಗಳ ಒಳಗೆ ಇಬ್ಬರು. 2011ರ ಜನಗಣತಿಯ ವೇಳೆಗೆ ಕೊಡಗಿನಲ್ಲಿ ನೂರಕ್ಕೆ 82.61 ಮಂದಿ ಅಕ್ಷರಸ್ಥರಾಗಿದ್ದರು. ಅದೇ ಜನಗಣತಿ ಎಣಿಸಿದ ಜನ 5,54,519. ಇಡೀ ಕರ್ನಾಟಕದಲ್ಲಿ ಅತಿ ಕಡಿಮೆ ಜನವಿರುವ ಜಿಲ್ಲೆ ಅದು. ಒಂದು ಚದರ ಕಿಲೋಮೀಟರಿನಲ್ಲಿ ಬೆಂಗಳೂರು 4,381 ಜನರನ್ನು ತುಂಬಿಕೊಂಡಿದ್ದರೆ ಕೊಡಗಿನಲ್ಲಿದ್ದವರು 135.

ಇನ್ನು ವ್ಯಾಪಾರದ ಮಾತು. ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ಹೆಚ್ಚು ಕಡಿಮೆ ಮೂರರಲ್ಲಿ ಒಂದು ಪಾಲು ಈ ಒಂದೇ ಜಿಲ್ಲೆಯದು. ಮೆಣಸು, ಏಲಕ್ಕಿ, ಜೇನು, ಕಿತ್ತಳೆಗಳ ಹೆಸರೂ ಹಳೆಯದು. ಕಿತ್ತಳೆ ಮಾತ್ರ ರೋಗಕ್ಕೆ ಸಿಕ್ಕಿ ತನ್ನ ಹಿಂದಿನ ವೈಭವವನ್ನು ಕಳೆದುಕೊಂಡಿತು.

ಮೊದಲನೆಯದು ನಾಲ್ಕನೆಯದಾದ ಬಗೆ

ಎರಡನೆಯ ವರದಿ ಹೊರಬಂದದ್ದು 2005ರಲ್ಲಿ, 2001ರ ಅಂಕಿಅಂಶಗಳ ಆಧಾರದ ಮೇಲೆ. ಈ ಸಲ ಬೆಂಗಳೂರು ನಗರ ಮೊದಲು, ದಕ್ಷಿಣ ಕನ್ನಡ ಎರಡನೆಯದು, ಉಡುಪಿ ಮೂರನೆಯದು, ಕೊಡಗು ನಾಲ್ಕನೆಯದು. ಅಂಕ 0.697. ರಾಜ್ಯದ ಸರಾಸರಿ 0.650 ಆಗಿದ್ದುದರಿಂದ ನಾಲ್ಕನೆಯ ಸ್ಥಾನವೇನೂ ನಾಚಿಕೆಯದಲ್ಲ. ಆದರೂ ಮೊದಲನೆಯ ಮಣೆಯ ಮೇಲೆ ಕುಳಿತವನಿಗೆ ನಾಲ್ಕನೆಯ ಮಣೆ ತಣ್ಣಗೆನಿಸುವುದು ಸಹಜ. ಕೊಡಗಿನಲ್ಲಿ ಏನು ಕೆಟ್ಟಿತು ಎಂಬ ಪ್ರಶ್ನೆ ಎದ್ದೇ ಎದ್ದಿತು.

ನಿಜಕ್ಕೂ ಏನೂ ಕೆಟ್ಟಿರಲಿಲ್ಲ, ಅಂಕ ಕೆಳಗಿಳಿದಿರಲಿಲ್ಲ. ಹತ್ತು ವರ್ಷಗಳಲ್ಲಿ ಜನ ಇನ್ನಷ್ಟು ಓದಿದ್ದರು, ಇನ್ನಷ್ಟು ಕಾಲ ಬಾಳುತ್ತಿದ್ದರು. ಓಟದಲ್ಲಿ ಉಳಿದವರು ಇವರಿಗಿಂತ ವೇಗವಾಗಿ ಓಡಿದ್ದರು, ಅಷ್ಟೆ. ಬೆಂಗಳೂರಿಗೆ ಆ ಹತ್ತು ವರ್ಷಗಳು ಗಣಕಯಂತ್ರದ ಉದ್ಯಮದ ಸುಗ್ಗಿಯ ಕಾಲ. ಜೊತೆಗೆ 1997ರಲ್ಲಿ ಜಿಲ್ಲೆಗಳ ಪುನರ್ವಿಂಗಡಣೆಯಾಗಿ 20 ಇದ್ದದ್ದು 27 ಆಗಿತ್ತು. ದಕ್ಷಿಣ ಕನ್ನಡದಿಂದ ಬೇರೆಯಾದ ಉಡುಪಿ ಹೊಸ ಸ್ಪರ್ಧಿಯಾಗಿ ಸಾಲಿನಲ್ಲಿ ನಿಂತಿತ್ತು. ಒಂದೇ ಮನೆಯ ಇಬ್ಬರು ಮಕ್ಕಳು ಎರಡು ಸ್ಥಾನಗಳನ್ನು ಹಿಡಿದರೆ ಹಿಂದಿನವನು ಒಂದು ಸ್ಥಾನ ಕೆಳಗೆ ಸರಿಯಲೇಬೇಕು.

ಮತ್ತೊಂದು ಸಂಗತಿಯನ್ನು ಮಾತ್ರ ತೋಟದ ಮನೆಗಳವರು ಯಾವ ವರದಿಯನ್ನೂ ನೋಡದೆ ಹೇಳಬಲ್ಲರು. 1942ರಲ್ಲಿ ಸ್ಥಾಪಿತವಾದ ಕಾಫಿ ಮಂಡಳಿಯು ಬೆಳೆಗಾರರ ಬೆಳೆಯನ್ನೆಲ್ಲ ಒಟ್ಟುಗೂಡಿಸಿ ತಾನೇ ಮಾರುವ ಪದ್ಧತಿ ದಶಕಗಳ ಕಾಲ ನಡೆದಿತ್ತು. ಹಣ ಕಂತುಕಂತಾಗಿ, ಕೆಲವೊಮ್ಮೆ ತಡವಾಗಿ ಬರುತ್ತಿತ್ತು, ಆದರೆ ಬರುತ್ತಿತ್ತು. 1990ರ ದಶಕದಲ್ಲಿ ಈ ಪದ್ಧತಿಯನ್ನು ಹಂತಹಂತವಾಗಿ ಸಡಿಲಿಸಿ 1996ರ ವೇಳೆಗೆ ಬೆಳೆಗಾರನನ್ನು ಪೂರ್ತಿಯಾಗಿ ಸ್ವತಂತ್ರಗೊಳಿಸಲಾಯಿತು. ಮೊದಲ ಕೆಲವು ವರ್ಷ ಬೆಲೆ ಏರಿ ತೋಟದವರ ಅಂಗಳಗಳಲ್ಲಿ ಹೊಸ ಜೀಪುಗಳು ನಿಂತವು. ಬಳಿಕ ಬ್ರೆಜಿಲ್, ವಿಯಟ್ನಾಂ ದೇಶಗಳ ಕಾಫಿ ಪ್ರಪಂಚದ ಮಾರುಕಟ್ಟೆಯಲ್ಲಿ ಉಕ್ಕಿ ಹರಿದು, 2001-02ರ ಹೊತ್ತಿಗೆ ಬೆಲೆ ಮೂವತ್ತು ವರ್ಷಗಳಲ್ಲಿ ಕಂಡರಿಯದಷ್ಟು ತಳಕ್ಕೆ ಕುಸಿಯಿತು. ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ಗಿಡದಲ್ಲಿಯೇ ಬಿಟ್ಟವರುಂಟು. ಕೊಡಗಿನ ಎರಡನೆಯ ಪರೀಕ್ಷೆಗೆ ಅಂಕಿಅಂಶಗಳನ್ನು ಕಲೆಹಾಕಿದ್ದು ಇಂತಹ ಕಾಲದಲ್ಲಿ. ಪರೀಕ್ಷೆಯ ದಿನವೇ ಜ್ವರ ಬಂದ ಹುಡುಗನ ಪಾಡು ಅದು. 2024ರಲ್ಲಿ ರೊಬಸ್ಟಾ ಕಾಫಿಯ ಬೆಲೆ ಹಿಂದೆಂದೂ ಇಲ್ಲದ ಎತ್ತರಕ್ಕೆ ಏರಿತು. ಆ ವರ್ಷ ಲೆಕ್ಕ ಹಾಕಿದ್ದರೆ ಚಿತ್ರವೇ ಬೇರೆಯಾಗುತ್ತಿತ್ತು.

ಸರಾಸರಿಯ ಹೊದಿಕೆ

ಅಂಕಿಗಳು ಸುಳ್ಳಾಡುವುದಿಲ್ಲ, ಆದರೆ ಎಲ್ಲವನ್ನೂ ಹೇಳುವುದೂ ಇಲ್ಲ. ಕೊಡಗಿನ ಒಂದು ಅಂಕಿಯನ್ನು ಎಲ್ಲರೂ ಮೆಚ್ಚಿ ಎತ್ತಿ ಹೇಳುತ್ತಾರೆ. 2011ರಲ್ಲಿ ಅಲ್ಲಿ ಸಾವಿರ ಪುರುಷರಿಗೆ 1,019 ಸ್ತ್ರೀಯರಿದ್ದರು. ಹೆಣ್ಣುಮಗುವನ್ನು ಕಡೆಗಣಿಸದ ನಾಡು ಎಂಬುದಕ್ಕೆ ಇದೇ ಸಾಕ್ಷಿಯೆಂದು ಭಾಷಣಗಳಲ್ಲಿ ಕೇಳಿಬರುತ್ತದೆ. ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದೇ ಕೊಡಗಿನಲ್ಲಿ ಸಾವಿರ ಪುರುಷರಿಗೆ ಇದ್ದ ಸ್ತ್ರೀಯರು ಎಂಟುನೂರರ ಆಸುಪಾಸು ಮಾತ್ರ. ಅಂದಿನ ಕೊಡಗು ಹೆಣ್ಣನ್ನು ಕಡೆಗಣಿಸಿತ್ತೆ? ಇಲ್ಲ. ಕಾಫಿಯ ಕೆಲಸಕ್ಕೆಂದು ಮೈಸೂರು ಸೀಮೆಯಿಂದ, ಮಲೆಯಾಳದಿಂದ, ಕರಾವಳಿಯಿಂದ ಸಾವಿರಾರು ಗಂಡಾಳುಗಳು ಹೆಂಡಿರು ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದು ಇಲ್ಲಿ ದುಡಿಯುತ್ತಿದ್ದರು. ಗಣತಿಯವರು ಅವರನ್ನೂ ಎಣಿಸಿದರು. ಕಾಲಕ್ರಮದಲ್ಲಿ ಕುಟುಂಬಗಳು ಬಂದು ನೆಲಸಿದವು. ಇತ್ತ ಕೊಡಗಿನ ಗಂಡುಮಕ್ಕಳು ಸೈನ್ಯಕ್ಕೆಂದು, ಓದಿಗೆಂದು, ಉದ್ಯೋಗಕ್ಕೆಂದು ಹೊರಗೆ ಹೋದರು. 1991ರಲ್ಲಿ 979 ಇದ್ದದ್ದು 2001ರಲ್ಲಿ 996 ಆಗಿ, ಮುಂದೆ ಸಾವಿರದ ಗೆರೆಯನ್ನು ದಾಟಿತು. ಹೆಮ್ಮೆಯ ಅಂಕಿಯ ಹಿಂದೆ ಬಂದವರ ಮತ್ತು ಹೋದವರ ಕಥೆಯಿದೆ.

ಹೋದವರ ಕಥೆ ಇನ್ನೊಂದು ಅಂಕಿಯಲ್ಲಿಯೂ ಇಣುಕುತ್ತದೆ. 2001ರಿಂದ 2011ರವರೆಗಿನ ಹತ್ತು ವರ್ಷಗಳಲ್ಲಿ ಕೊಡಗಿನ ಜನಸಂಖ್ಯೆ ಬೆಳೆದದ್ದು ನೂರಕ್ಕೆ 1.09 ಮಾತ್ರ. ಬಾಳಲು ಇಷ್ಟು ಒಳ್ಳೆಯ ಸ್ಥಳವೆಂದು ಪಟ್ಟಿಗಳು ಸಾರುತ್ತಿದ್ದಾಗಲೇ ಬಾಳುವವರು ಹೆಚ್ಚಲಿಲ್ಲ. ಐನ್‌ಮನೆಯಲ್ಲಿ ಹಬ್ಬಕ್ಕೆ ನೂರು ಮಂದಿ ಸೇರುತ್ತಾರೆ. ಹಬ್ಬ ಮುಗಿದ ಮರುದಿನ ದೀಪ ಹಚ್ಚಲು ಉಳಿಯುವವರು ವಯಸ್ಸಾದ ಇಬ್ಬರು ಮೂವರು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬದವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಗೆ ದೂರದೂರದ ಊರುಗಳಿಂದ ಮಕ್ಕಳು ಮೊಮ್ಮಕ್ಕಳು ಓಡಿಬರುವುದರ ಗುಟ್ಟೂ ಇದೇ ಇರಬೇಕು.

ಬಂದವರ ಕಥೆಯನ್ನು ನೋಡಬೇಕಾದರೆ ತೋಟದ ಒಳದಾರಿಗೆ ಇಳಿಯಬೇಕು. ತೋಟದ ಒಡೆಯನ ಹೆಂಚಿನ ಬಂಗಲೆಯಿಂದ ಕೂಗಳತೆಯಲ್ಲಿ, ಒಂದೇ ಸೂರಿನಡಿ ಸಾಲಾಗಿ ಕಟ್ಟಿದ ಕೊಠಡಿಗಳಿವೆ. ಅವಕ್ಕೆ ಲೈನ್‌ಮನೆಗಳೆಂದು ಹೆಸರು. ಕೆಲವು ಕಡೆ ಈಗ ಒಳ್ಳೆಯ ಮನೆಗಳೇ ಎದ್ದಿವೆ. ಹಲವು ಕಡೆ ಒಂದು ಕೋಣೆಯಲ್ಲಿಯೇ ಅಡಿಗೆ, ಅಲ್ಲಿಯೇ ನಿದ್ದೆ. ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು. ಈಚಿನ ವರ್ಷಗಳಲ್ಲಿ ಇಲ್ಲಿ ಅಸ್ಸಾಮಿನ, ಬಂಗಾಳದ ಮಾತೂ ಕೇಳಿಸುತ್ತದೆ. ಯರವರು, ಜೇನುಕುರುಬರು ಮೊದಲಾದ ಬುಡಕಟ್ಟಿನವರು ಜಿಲ್ಲೆಯ ಜನರಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ತಲೆಮಾರುಗಳಿಂದ ತೋಟಗಳಲ್ಲಿ ದುಡಿದರೂ ಅವರಲ್ಲಿ ಅನೇಕರಿಗೆ ಸ್ವಂತದ ಅಂಗೈಯಗಲ ನೆಲವಿರಲಿಲ್ಲ. ಅಂತಹ ಕುಟುಂಬಗಳು ಸಿದ್ದಾಪುರದ ಸಮೀಪದ ದಿಡ್ಡಳ್ಳಿಯ ಕಾಡಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ, 2016ರ ಡಿಸೆಂಬರಿನಲ್ಲಿ ಐನೂರಕ್ಕೂ ಹೆಚ್ಚು ಗುಡಿಸಲುಗಳನ್ನು ಅಧಿಕಾರಿಗಳು ತೆರವುಗೊಳಿಸಿದರು. ಚಳಿಗಾಲದಲ್ಲಿ ಮರದಡಿಯಲ್ಲಿ ಕುಳಿತ ಹೆಂಗಸರು ಮಕ್ಕಳ ಚಿತ್ರ ನಾಡಿನ ಪತ್ರಿಕೆಗಳಲ್ಲೆಲ್ಲ ಬಂದಿತು. ತಿಂಗಳುಗಟ್ಟಲೆ ಚಳವಳಿ ನಡೆದ ಮೇಲೆ ಕುಶಾಲನಗರದ ಕಡೆಯ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಅವರಿಗೆ ನೆಲೆ ಕಲ್ಪಿಸಲಾಯಿತು.

ಜಿಲ್ಲೆಯ ತಲಾ ಆದಾಯವೆಂದರೆ ಬಂಗಲೆಯ ವರಮಾನವನ್ನೂ ಲೈನ್‌ಮನೆಯ ಕೂಲಿಯನ್ನೂ ಗುಡಿಸಲಿನ ಗಂಜಿಯನ್ನೂ ಒಂದೇ ಪಾತ್ರೆಯಲ್ಲಿ ಕಲಸಿ, ತಲೆಗೊಂದು ಸೌಟು ಬಡಿಸಿದಂತೆ. ಬಡಿಸಿದ್ದು ಕಾಗದದ ಮೇಲೆ ಮಾತ್ರ.

ಮುಂದುವರಿದವರೆಂಬ ಮುದ್ರೆ

ಅಂಕಪಟ್ಟಿಯಿಂದ ಬರಿಯ ಹೆಮ್ಮೆಯಷ್ಟೇ ಬರುವುದಾದರೆ ಇಷ್ಟು ಚರ್ಚೆಗೆ ಎಡೆಯಿರಲಿಲ್ಲ. ಅದರ ಹಿಂದೆ ಹಣದ ಮಾತೂ ಇದೆ. ಪ್ರಾದೇಶಿಕ ಅಸಮಾನತೆಯನ್ನು ಕುರಿತು ಅರ್ಥಶಾಸ್ತ್ರಜ್ಞ ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಸಮಿತಿ 2002ರಲ್ಲಿ ವರದಿ ನೀಡಿತು. ಅದು ರಾಜ್ಯದ 175 ತಾಲ್ಲೂಕುಗಳನ್ನು ಒಂದೊಂದಾಗಿ ಅಳೆದು 114 ತಾಲ್ಲೂಕುಗಳು ಹಿಂದುಳಿದಿವೆಯೆಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಉಳಿದ 61 ತಾಲ್ಲೂಕುಗಳು ಮುಂದುವರಿದ ಸಾಲಿಗೆ ಸೇರಿದವು. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ — ಕೊಡಗಿನ ಅಂದಿನ ಮೂರು ತಾಲ್ಲೂಕುಗಳೂ ಈ ಸಾಲಿನವೇ. ವಿಶೇಷ ಅಭಿವೃದ್ಧಿ ಯೋಜನೆಯ ಹಣ ಹರಿದದ್ದು ಹಿಂದುಳಿದ ತಾಲ್ಲೂಕುಗಳಿಗೆ. ಅದು ನ್ಯಾಯವೇ. ರಾಯಚೂರಿನ, ಕಲಬುರ್ಗಿಯ ಬಡವನ ಪಾಲನ್ನು ಕಿತ್ತು ಕೊಡಗಿಗೆ ಕೊಡಬೇಕೆಂದು ಯಾರೂ ಹೇಳಲಾರರು. ಆದರೆ ಮುಂದುವರಿದ ಮನೆಯೊಳಗೂ ಹಸಿದವನೊಬ್ಬನಿದ್ದರೆ ಅವನು ಯಾರ ಬಾಗಿಲು ತಟ್ಟಬೇಕು?

ತಟ್ಟುವ ಕೈಗಳೂ ಕಡಿಮೆ. 1952ರ ಮೊದಲ ಮಹಾಚುನಾವಣೆಯ ಕಾಲದಲ್ಲಿ ಕೊಡಗು ತಾನೇ ಒಂದು ರಾಜ್ಯವಾಗಿತ್ತು. 24 ಸದಸ್ಯರ ವಿಧಾನಸಭೆ, ಸಿ. ಎಂ. ಪೂಣಚ್ಚನವರ ಮುಖ್ಯಮಂತ್ರಿತ್ವ, ದೆಹಲಿಯ ಲೋಕಸಭೆಯಲ್ಲಿ ತನ್ನದೇ ಒಂದು ಸ್ಥಾನ. 1951ರ ಗಣತಿಯಂತೆ ಆ ರಾಜ್ಯದ ಜನಸಂಖ್ಯೆ 2,29,405. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯದೊಡನೆ ವಿಲೀನವಾಯಿತು. 2008ರಿಂದ ಕೊಡಗಿಗೆ ಬೆಂಗಳೂರಿನ ವಿಧಾನಸಭೆಯಲ್ಲಿರುವುದು ಎರಡೇ ಸ್ಥಾನಗಳು. ಲೋಕಸಭೆಯಲ್ಲಿ ಮೈಸೂರಿನೊಡನೆ ಹಂಚಿಕೊಂಡ ಒಂದು ಸ್ಥಾನ. ಜನಸಂಖ್ಯೆಯ ಲೆಕ್ಕದಲ್ಲಿ ಇದೂ ಸರಿಯೇ. ತಲಾ ಆದಾಯದ ಭಾಗಾಕಾರದಲ್ಲಿ ಕೊಡಗನ್ನು ಮೇಲಕ್ಕೆತ್ತಿದ ಕಿರಿಯ ಜನಸಂಖ್ಯೆಯೇ, ಮತಗಳ ಕೂಡುಲೆಕ್ಕದಲ್ಲಿ ಅದನ್ನು ಕೆಳಕ್ಕೆ ತಳ್ಳಿತು.

ಸಮುದ್ರದಾಚೆಯ ಒಂದು ಊರಿನ ಪ್ರಸಂಗ ಇಲ್ಲಿ ನೆನಪಾಗುತ್ತದೆ. ಅಮೆರಿಕದಲ್ಲಿ ಊರುಗಳಿಗೆ ಸ್ಥಾನ ಕೊಡುವುದು ಒಂದು ದೊಡ್ಡ ಹುಚ್ಚು. ಹವೆ, ಮನೆಬಾಡಿಗೆ, ಆಸ್ಪತ್ರೆ, ಶಾಲೆ, ಕಳ್ಳತನ, ಸಂಗೀತ ಸಭೆಗಳು — ಎಲ್ಲಕ್ಕೂ ಅಂಕವಿಟ್ಟು, ಯಾವ ಊರಿನಲ್ಲಿ ಮನೆ ಮಾಡಿದರೆ ಲೇಸೆಂದು ತಿಳಿಸುವ ಗ್ರಂಥಗಳೂ ಪತ್ರಿಕೆಗಳೂ ಅಲ್ಲಿ ಬಿಸಿದೋಸೆಯಂತೆ ಖರ್ಚಾಗುತ್ತವೆ. ಅಂತಹ ಒಂದು ಗ್ರಂಥ 1985ರಲ್ಲಿ 329 ನಗರಪ್ರದೇಶಗಳನ್ನು ತೂಗಿ ಪಿಟ್ಸ್‌ಬರ್ಗ್ ನಗರಕ್ಕೆ ಮೊದಲ ಸ್ಥಾನ ಕೊಟ್ಟಿತು. ದೇಶವೇ ಬೆರಗಾಯಿತು, ಪಿಟ್ಸ್‌ಬರ್ಗಿನವರು ಎಲ್ಲರಿಗಿಂತ ಹೆಚ್ಚು ಬೆರಗಾದರು. ಅದು ಉಕ್ಕಿನ ಊರು. ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತ, ಸಾವಿರಾರು ಕೆಲಸಗಾರರು ಬೀದಿಗೆ ಬಿದ್ದಿದ್ದ ಕಾಲವದು. ಅದರ ಮಗ್ಗುಲಿನ ಹೋಮ್‌ಸ್ಟೆಡ್‌ನ ಹೆಸರಾಂತ ಕಾರ್ಖಾನೆ ಮರುವರ್ಷವೇ, 1986ರಲ್ಲಿ, ಬೆಂಕಿಯಾರಿಸಿತು. ಕೆಲಸ ಕಳೆದುಕೊಂಡವನಿಗೆ ತನ್ನ ಊರು ದೇಶಕ್ಕೇ ಮೊದಲೆಂಬ ಸುದ್ದಿ ಹೇಗೆ ಕೇಳಿಸಿರಬಹುದು! ಆದರೂ ಒಂದು ಮಾತು: ಪಿಟ್ಸ್‌ಬರ್ಗಿನ ದೊಡ್ಡ ಬಲ ಅಲ್ಲಿಯ ಆಸ್ಪತ್ರೆಗಳು. ಯಕೃತ್ತನ್ನು ಬದಲಿಸುವ ಶಸ್ತ್ರಚಿಕಿತ್ಸೆಗೆ ಹೆಸರಾದ ಥಾಮಸ್ ಸ್ಟಾರ್ಜ್ಲ್ 1981ರಲ್ಲಿಯೇ ಅಲ್ಲಿಗೆ ಬಂದಿದ್ದರು. ಕಾರ್ಖಾನೆಗಳು ಹೋದ ಮೇಲೆ ಊರನ್ನು ಎತ್ತಿ ನಿಲ್ಲಿಸಿದ್ದು ಆಸ್ಪತ್ರೆಗಳೂ ವಿಶ್ವವಿದ್ಯಾನಿಲಯಗಳೂ.

ಕೊಡಗಿನ ಕೊರತೆ ಅಲ್ಲಿಯೇ ಇದೆ.

120 ಕಿಲೋಮೀಟರು

ತೋಟದ ಕೆಲಸ ದೂರದಿಂದ ನೋಡಲು ಚೆಂದ. ಮೆಣಸು ಕೊಯ್ಯುವವನು ಒಂಟಿ ಬಿದಿರಿನ ಏಣಿಯನ್ನು ಮರಕ್ಕೊರಗಿಸಿ ಮೂವತ್ತು ನಲವತ್ತು ಅಡಿ ಏರುತ್ತಾನೆ. ಮಂಜಿನಲ್ಲಿ ನೆನೆದ ಏಣಿ ಜಾರುತ್ತದೆ. ನೆರಳಿನ ಮರ ಕತ್ತರಿಸುವಾಗ ಕೊಂಬೆ ಬೀಳುತ್ತದೆ. ಬೆಳಗಿನ ಜಾವ ಕೆಲಸಕ್ಕೆ ಹೊರಟವರಿಗೆ ತೋಟದ ನಡುವೆ ಆನೆ ಎದುರಾಗುತ್ತದೆ. ಇವು ಅಪರೂಪದ ಸುದ್ದಿಗಳಲ್ಲ. ತಲೆಗೆ ಪೆಟ್ಟು ಬಿದ್ದವನಿಗೆ, ಎದೆನೋವು ಬಂದ ಮುದುಕನಿಗೆ, ಹೆರಿಗೆ ಕಷ್ಟವಾದ ತಾಯಿಗೆ ಮೊದಲ ಒಂದು ಗಂಟೆಯೇ ಪ್ರಾಣ. ಆ ಗಂಟೆಯಲ್ಲಿ ಗಾಡಿ ಇನ್ನೂ ಹುಣಸೂರನ್ನು ತಲಪಿರುವುದಿಲ್ಲ.

2016ರಲ್ಲಿ ಮಡಿಕೇರಿಯಲ್ಲಿ ಸರ್ಕಾರದ ವೈದ್ಯಕೀಯ ಕಾಲೇಜು ಆರಂಭವಾದಾಗ ಈ ದಾರಿ ಕಿರಿದಾಗುವುದೆಂಬ ಆಸೆ ಮೂಡಿತು. ಕಾಲೇಜು ನಡೆಯಿತು, ಹುಡುಗರು ಓದಿದರು. ಆದರೆ ಹೃದಯಕ್ಕೂ ಮಿದುಳಿಗೂ ಬೇಕಾದ ತಜ್ಞರ ಚಿಕಿತ್ಸೆಗೆ ಜನ ಮೈಸೂರು ಮಂಗಳೂರುಗಳ ದಾರಿ ಹಿಡಿಯುವುದು ತಪ್ಪಲಿಲ್ಲ. ಮಂಗಳೂರಿನ ದಾರಿ ಸಂಪಾಜೆಯ ಘಾಟಿಯದು. 2018ರ ಆಗಸ್ಟಿನಲ್ಲಿ ಆ ದಾರಿಯೇ ಕುಸಿಯಿತು.

ಆ ಆಗಸ್ಟಿನ ನಡುವಿನ ದಿನಗಳನ್ನು ಕೊಡಗು ಮರೆಯಲಾರದು. ತಿಂಗಳುಗಟ್ಟಲೆ ನೆನೆದ ಗುಡ್ಡಗಳು ಒಂದೇ ಸಮನೆ ಜಾರಿದವು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಮೊಣ್ಣಂಗೇರಿ, ಜೋಡುಪಾಲ — ನಕಾಶೆಯಲ್ಲಿ ಹುಡುಕಿದರೂ ಸಿಗದಿದ್ದ ಹಳ್ಳಿಗಳ ಹೆಸರು ದೇಶಕ್ಕೆಲ್ಲ ತಿಳಿಯಿತು. ಮನೆ, ತೋಟ, ದನಕರು, ಕಣದಲ್ಲಿ ಕೂಡಿಟ್ಟಿದ್ದ ಮೆಣಸು, ಎಲ್ಲವೂ ಮಣ್ಣಿನಡಿ ಸೇರಿ, ಸಾವಿರಾರು ಮಂದಿ ಪರಿಹಾರ ಕೇಂದ್ರಗಳಲ್ಲಿ ಚಾಪೆ ಹಾಸಿದರು. ಎಕರೆಗಟ್ಟಲೆ ತೋಟವಿದ್ದವರೂ ಅವರ ಆಳುಗಳೂ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಂತರು. ಮರುವರ್ಷ ತೋರದಲ್ಲಿ ಗುಡ್ಡ ಕುಸಿಯಿತು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಜಾರಿ ಅರ್ಚಕರ ಮನೆಯನ್ನು ನುಂಗಿತು. ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಸಂತ್ರಸ್ತರಿಗಾಗಿ ಒಂದೇ ಅಚ್ಚಿನ ಹೊಸ ಮನೆಗಳು ಎದ್ದವು. ಮನೆ ಬಂದಿತು, ಹೋದ ತೋಟ ಬರಲಿಲ್ಲ.

ಇದರ ಮರುವರ್ಷ, 2019ರ ಜೂನ್ ತಿಂಗಳಲ್ಲಿ, ಕೊಡಗಿನ ಯುವಕ ಯುವತಿಯರು ಸಾಮಾಜಿಕ ಜಾಲತಾಣಗಳಲ್ಲಿ ಒಂದೇ ಬೇಡಿಕೆಯನ್ನು ಮುಂದಿಟ್ಟು ಕೂಗಿದರು: ನಮಗೊಂದು ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು. ಕೂಗು ಜಿಲ್ಲೆಯ ಗಡಿಯನ್ನು ದಾಟಿತು, ಚಿತ್ರನಟರೂ ದನಿಗೂಡಿಸಿದರು, ಸರ್ಕಾರ ಭರವಸೆ ನೀಡಿತು. ಒಂದು ಕಾಲಕ್ಕೆ ರಾಜ್ಯದ ಮೊದಲ ಜಿಲ್ಲೆಯೆನಿಸಿಕೊಂಡ ಸೀಮೆಯವರು ಇಪ್ಪತ್ತು ವರ್ಷಗಳ ಬಳಿಕ ಬೇಡಿದ್ದು ವಿಮಾನವನ್ನಲ್ಲ, ಕಾರ್ಖಾನೆಯನ್ನಲ್ಲ. ಜೀವ ಹೋಗುವ ಮುನ್ನ ತಲಪಬಹುದಾದ ಒಂದು ಆಸ್ಪತ್ರೆಯನ್ನು.

ಇತ್ತ ಪಟ್ಟಿಗಳ ಕಾಲ ಮುಗಿದಿರಲಿಲ್ಲ. ಸ್ವಚ್ಛತೆಯ ಸಮೀಕ್ಷೆಯಲ್ಲಿ ಮೈಸೂರು 2015ರಲ್ಲಿಯೂ 2016ರಲ್ಲಿಯೂ ದೇಶಕ್ಕೇ ಮೊದಲಾಗಿತ್ತು. 2021ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರವು ಬಾಳಲು ಅನುಕೂಲವಾದ ನಗರಗಳ ಪಟ್ಟಿಯನ್ನು ಪ್ರಕಟಿಸಿದಾಗ, ಹತ್ತು ಲಕ್ಷಕ್ಕಿಂತ ಹೆಚ್ಚು ಜನವಿರುವ ನಗರಗಳಲ್ಲಿ ಮೊದಲು ನಿಂತದ್ದು ಬೆಂಗಳೂರು. ಎರಡು ನಗರಗಳ ನಲ್ಲಿಗಳಲ್ಲಿಯೂ ಹರಿಯುವುದು ಕಾವೇರಿ. ಅದು ತಲಕಾವೇರಿಯಲ್ಲಿ ಹುಟ್ಟಿ, ಕೊಡಗಿನ ಕಾಡುಗಳಲ್ಲಿ ಮುಂಗಾರಿನ ನೀರನ್ನು ಕೂಡಿಕೊಂಡು, ಕುಶಾಲನಗರದ ಸೇತುವೆಯಡಿ ಹಾದು ಬಯಲಿಗಿಳಿಯುತ್ತದೆ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ, ಪಾಡಿನಾಲ್ಕುನಾಡು, ಕೆರ್ಟಿ — ಈ ಐದು ಅರಣ್ಯಗಳು 2012ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯನ್ನೂ ಸೇರಿವೆ. ನಲ್ಲಿಯಲ್ಲಿ ನೀರು ಬಂದರೆ ನಗರಕ್ಕೆ ಅಂಕವುಂಟು. ನೀರನ್ನು ಹಿಡಿದಿಟ್ಟುಕೊಳ್ಳುವ ಗುಡ್ಡಕ್ಕೆ ಅಂಕ ಕೊಡುವ ಅಂಕಣ ಆ ಪಟ್ಟಿಯಲ್ಲಿಲ್ಲ.

2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ನಡೆಯಲಿಲ್ಲ. ಅದನ್ನು 2027ಕ್ಕೆ ಗೊತ್ತುಪಡಿಸಿರುವುದಾಗಿ ಕೇಂದ್ರ ಸರ್ಕಾರ 2025ರಲ್ಲಿ ಪ್ರಕಟಿಸಿತು. ಗಣತಿಯವರು ಮತ್ತೆ ಐನ್‌ಮನೆಗಳ ಮೆಟ್ಟಿಲೇರುತ್ತಾರೆ, ಲೈನ್‌ಮನೆಗಳ ಬಾಗಿಲು ತಟ್ಟುತ್ತಾರೆ, ಹಾಡಿಗಳಿಗೆ ನಡೆದುಹೋಗುತ್ತಾರೆ. ಹೊಸ ಅಂಕಗಳು ಬರುತ್ತವೆ. ಕೊಡಗು ಎರಡನೆಯದಾಗಬಹುದು, ಆರನೆಯದಾಗಬಹುದು.

ಅಲ್ಲಿಯವರೆಗೆ ಮಡಿಕೇರಿಯ ನಿಲ್ದಾಣದಿಂದ ಬೆಳಗಿನ ಮಂಜಿನಲ್ಲಿ ಹೊರಡುವ ಮೈಸೂರಿನ ಬಸ್ಸಿನಲ್ಲಿ, ಕಿಟಕಿಯ ಪಕ್ಕದ ಆಸನಗಳಲ್ಲಿ, ಮಡಿಲ ಮೇಲೆ ಎಕ್ಸ್‌ರೇ ಚಿತ್ರಗಳ ದೊಡ್ಡ ಲಕೋಟೆಯನ್ನಿಟ್ಟುಕೊಂಡು ಇಬ್ಬರೋ ಮೂವರೋ ಕುಳಿತಿರುತ್ತಾರೆ. ಕಾಫಿಯ ಹೂವು ಅರಳಿದ ವಾರದಲ್ಲಿಯೂ ಅವರು ಹೊರಗೆ ನೋಡುವುದು ಕಡಿಮೆ.